ಬೆವರಿಗೆ ಇಂಜೆಕ್ಷನ್ ಹಾಕಿಸಿಕೊಳ್ಳುವ ಯೋಚನೆ ಇದೆಯಾ? ಮೊದಲು ಇಷ್ಟು ತಿಳಿದುಕೊಳ್ಳಿ

ಮಾರ್ಚ್ ತಿಂಗಳಲ್ಲಿ ಕುಮಟಾದಲ್ಲಿ ಬೆಳಿಗ್ಗೆ ಹತ್ತು ಗಂಟೆಗೇ ಎಲ್ಲರೂ ಬೆವರುತ್ತಾರೆ. ಸಮುದ್ರದ ಗಾಳಿಯಲ್ಲಿ ತೇವ ಜಾಸ್ತಿ. ಬಂದ ಬೆವರು ಆರುವುದಿಲ್ಲ, ಮೈಗೇ ಅಂಟಿಕೊಂಡಿರುತ್ತದೆ. ಹಾಗಾಗಿ ನಾನು ಯಾರ ಹತ್ತಿರ ಹೇಳಿಕೊಂಡರೂ "ಈ ಸೆಕೆಗೆ ಬೆವರು ಬರದೆ ಇನ್ನೇನು ಬರ್ತದೆ" ಅನ್ನುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ. ಆದರೆ ಒಂದು ಡಿಸೆಂಬರಿನಲ್ಲಿ ಮದುವೆಗೆಂದು ಶಿರಸಿಗೆ ಹೋದಾಗ ಉಳಿದವರೆಲ್ಲ ಶಾಲು ಹೊದ್ದು ಕೂತಿದ್ದರು. ನನ್ನ ರವಿಕೆಯ ಕಂಕುಳು ಮಾತ್ರ ಸೊಂಟದ ತನಕ ತೊಯ್ದು ಹೋಗಿತ್ತು. ಇದು ಸೆಕೆಯ ಬೆವರಲ್ಲ ಅಂತ ನನಗೆ ಖಾತ್ರಿಯಾದದ್ದು ಅವತ್ತು.

ನಾನು ಶಾಲೆಯಲ್ಲಿ ಪಾಠ ಮಾಡುವವಳು. ದಿನವಿಡೀ ಬೋರ್ಡಿನ ಮೇಲೆ ಕೈಯೆತ್ತಿ ಬರೆಯಬೇಕು. ತಿಳಿ ಬಣ್ಣದ ರವಿಕೆ ತೊಡುವುದನ್ನು ಬಿಟ್ಟು ವರ್ಷಗಳಾಗಿದ್ದವು. ಹಳೆಯ ಕಾಟನ್ ಬಟ್ಟೆ ಮಡಚಿ ಒಳಗಡೆ ಪಿನ್ನು ಹಾಕಿಕೊಂಡು ಹೋಗುತ್ತಿದ್ದೆ, ಬಿಸಿಯೂಟದ ಬೆಲ್ ಹೊಡೆದಾಗ ಬದಲಿಸುತ್ತಿದ್ದೆ. ಕೊನೆಗೆ ಬೆವರು ತಡೆಯುವ ಬೊಟುಲಿನಂ ಇಂಜೆಕ್ಷನ್ ಹಾಕಿಸಿಕೊಂಡೆ. ಒಂದು ಸಲ ಮೋಸಹೋದೆ, ಇನ್ನೊಂದು ಸಲ ಸರಿಯಾಯಿತು. ಆ ಎರಡೂ ಅನುಭವ ಇಟ್ಟುಕೊಂಡು, ನಿಮ್ಮಲ್ಲಿ ಯಾರಾದರೂ ಇದೇ ಯೋಚನೆಯಲ್ಲಿದ್ದರೆ ಯಾವುದರ ನಂತರ ಯಾವುದು ಮಾಡಬೇಕು ಅಂತ ಬರೆಯುತ್ತಿದ್ದೇನೆ.

ಮೊದಲು, ಇದು ಯಾವ ಬೆವರು?

ಅತಿ ಬೆವರಿನಲ್ಲಿ ಎರಡು ಥರ ಇದೆ. ಒಂದು, ಬೇರೆ ಕಾಯಿಲೆ ಏನೂ ಇಲ್ಲದೆ ಕಂಕುಳು, ಅಂಗೈ, ಅಂಗಾಲು, ಮುಖ ಇಂಥ ಕೆಲವೇ ಜಾಗದಲ್ಲಿ ಬರುವುದು. ಇದು ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲಿ, ಹೆಚ್ಚಿನವರಿಗೆ ಇಪ್ಪತ್ತೈದು ದಾಟುವ ಮೊದಲೇ ಶುರುವಾಗುತ್ತದೆ. ಎಡಕ್ಕೂ ಬಲಕ್ಕೂ ಒಂದೇ ರೀತಿ ಇರುತ್ತದೆ. ಮನೆಯಲ್ಲಿ ಇನ್ನೊಬ್ಬರಿಗೂ ಇರುವುದು ಹೆಚ್ಚು. ಮುಖ್ಯವಾದ ಗುರುತು ಇನ್ನೊಂದಿದೆ: ನಿದ್ದೆಯಲ್ಲಿ ಇದು ನಿಂತುಹೋಗುತ್ತದೆ. ವಾರಕ್ಕೆ ಒಮ್ಮೆಯಾದರೂ ಹೀಗಾಗುತ್ತಾ ಆರು ತಿಂಗಳು ದಾಟಿದ್ದರೆ ಡಾಕ್ಟರು ಇದನ್ನು ಕಾಯಿಲೆ ಅಂತಲೇ ನೋಡುತ್ತಾರೆ.

ಇನ್ನೊಂದು, ಒಳಗಿನ ಬೇರೆ ತೊಂದರೆಯಿಂದ ಬರುವುದು. ಥೈರಾಯ್ಡ್ ಜಾಸ್ತಿಯಾದರೆ, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏಕಾಏಕಿ ಇಳಿದರೆ, ಮುಟ್ಟು ನಿಲ್ಲುವ ಸಮಯದಲ್ಲಿ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದ ಹೀಗಾಗಬಹುದು. ರಾತ್ರಿ ಮಲಗಿದಾಗ ಹಾಸಿಗೆ ಒದ್ದೆಯಾಗುವಷ್ಟು ಬೆವರು, ಜೊತೆಗೆ ಜ್ವರ, ತೂಕ ಇಳಿಯುವುದು, ಬಿಡದ ಕೆಮ್ಮು ಇದ್ದರೆ ಇಂಜೆಕ್ಷನ್ ವಿಚಾರ ಪಕ್ಕಕ್ಕಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ. ಕ್ಷಯದಂಥ ರೋಗಕ್ಕೂ ರಾತ್ರಿ ಬೆವರು ಬರುತ್ತದೆ. ನಡುವಯಸ್ಸಿನಲ್ಲಿ ಹೊಸದಾಗಿ ಶುರುವಾದ ಬೆವರನ್ನೂ ಸುಮ್ನೆ ಬಿಡಬೇಡಿ.

ಈ ಹಂತಕ್ಕೆ ದೊಡ್ಡ ಊರು ಬೇಕಾಗಿಲ್ಲ. ನಿಮ್ಮ ತಾಲೂಕಿನ ಡಾಕ್ಟರೇ ರಕ್ತ ಪರೀಕ್ಷೆ ಬರೆದುಕೊಡುತ್ತಾರೆ. ಆಮೇಲೆ ಚರ್ಮದ ಡಾಕ್ಟರು. ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬಹುದು, ಅಥವಾ ನಮ್ಮ ಜಿಲ್ಲೆಯವರು ಎಲ್ಲದಕ್ಕೂ ಹೋಗುವ ಹಾಗೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ ಇದ್ದೇ ಇದೆ. ಹೋಗುವ ಮುಂಚೆ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ಹೊತ್ತಿಗೆ, ಎಲ್ಲಿ, ಏನು ಮಾಡುವಾಗ ಬೆವರಿತು, ಎಷ್ಟು ಸಲ ಬಟ್ಟೆ ಬದಲಿಸಿದಿರಿ. ಡಾಕ್ಟರ ಎದುರು ಕೂತಾಗ ನಾಚಿಕೆಗೆ ಬಾಯಿ ಕಟ್ಟಿಹೋಗುತ್ತದೆ. ಆಗ ಆ ನೋಟ್‌ಬುಕ್ಕೇ ಮಾತಾಡುತ್ತದೆ. ದಿನದ ಕೆಲಸಕ್ಕೆ ಇದು ಎಷ್ಟು ಅಡ್ಡಿ ಅಂತ ಒಂದರಿಂದ ನಾಲ್ಕರವರೆಗೆ ಅಂಕ ಕೇಳುತ್ತಾರೆ. ಮೂರೋ ನಾಲ್ಕೋ ಆದರೆ ತೀವ್ರ ಅಂತ ಲೆಕ್ಕ. ಮರ್ಯಾದೆಗೆ ಅಂಜಿ ಎರಡು ಅನ್ನಬೇಡಿ.

ಸೂಜಿಗಿಂತ ಮುಂಚೆ ಕಡಿಮೆ ಖರ್ಚಿನದ್ದು

ಕಂಕುಳಿಗೆ ಮೊದಲ ಮದ್ದು ಅಲ್ಯೂಮಿನಿಯಂ ಕ್ಲೋರೈಡ್ ಇರುವ ಲೋಷನ್. ಡಾಕ್ಟರು ಬರೆದುಕೊಟ್ಟರೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಅಂಗಡಿಯ ಪರಿಮಳದ ಡಿಯೋಡರೆಂಟ್ ಬೇರೆ, ಇದು ಬೇರೆ. ಡಿಯೋಡರೆಂಟ್ ವಾಸನೆ ಮುಚ್ಚುತ್ತದೆ, ಬೆವರು ನಿಲ್ಲಿಸುವುದಿಲ್ಲ.

ನಮ್ಮಲ್ಲಿ ಬಹಳ ಜನ ಈ ಲೋಷನ್ ತಂದು, ಎರಡು ದಿನ ಹಚ್ಚಿ, ಉರಿ ತಾಳಲಾರದೆ ಬಿಸಾಕುತ್ತಾರೆ. ತಪ್ಪು ಹಚ್ಚುವ ರೀತಿಯಲ್ಲಿದೆ. ಬೆಳಿಗ್ಗೆ ಸ್ನಾನ ಮಾಡಿ ಒದ್ದೆ ಮೈಗೆ ಹಚ್ಚಿದರೆ ಉರಿದೇ ಉರಿಯುತ್ತದೆ. ಇದನ್ನು ರಾತ್ರಿ ಮಲಗುವಾಗ ಹಚ್ಚಬೇಕು, ಯಾಕೆಂದರೆ ಆಗ ಬೆವರು ಕಡಿಮೆ. ಕಂಕುಳು ಪೂರ್ತಿ ಒಣಗಿರಬೇಕು. ಕರಾವಳಿಯಲ್ಲಿ ಟವೆಲಿನಿಂದ ಒರೆಸಿದ್ದು ಸಾಲದು, ಹತ್ತು ನಿಮಿಷ ಫ್ಯಾನಿನ ಕೆಳಗೆ ಕೂತು ಆಮೇಲೆ ಹಚ್ಚಿ. ಕೂದಲು ತೆಗೆದ ದಿನ ಬೇಡ. ಬೆಳಿಗ್ಗೆ ತೊಳೆದುಬಿಡಿ. ಹೀಗೆ ಕೆಲವು ವಾರ ಮಾಡಿದ ಮೇಲೂ ಪ್ರಯೋಜನ ಇಲ್ಲ ಅಂದರೆ ಮಾತ್ರ ಮುಂದಿನ ಮಾತು. ಸರಿಯಾಗಿ ಹಚ್ಚಿ ನೋಡದೆ ಸಾವಿರಾರು ರೂಪಾಯಿಯ ಇಂಜೆಕ್ಷನ್ನಿಗೆ ಹೋಗಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮಾತ್ರೆಯೂ ಇದೆ, ಗ್ಲೈಕೋಪೈರೋಲೇಟ್, ಆಕ್ಸಿಬ್ಯುಟಿನಿನ್ ಅಂತ. ಇವು ಇಡೀ ಮೈಯ ಬೆವರು ಕಡಿಮೆ ಮಾಡುತ್ತವೆ. ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ, ಕಣ್ಣು ಮಂಜಾಗಬಹುದು. ಬಿಸಿಲಲ್ಲಿ ದೋಣಿ ಮೇಲೆ, ಗದ್ದೆಯಲ್ಲಿ, ರಸ್ತೆ ಕೆಲಸದಲ್ಲಿ ಇರುವವರು ಇದನ್ನು ಡಾಕ್ಟರಿಗೆ ಬಿಡಿಸಿ ಹೇಳಲೇಬೇಕು. ಬೆವರದೆ ಇದ್ದರೆ ಮೈ ತಣ್ಣಗಾಗುವುದು ಹೇಗೆ?

ಬೆವರು ತರಿಸುವ ನರವನ್ನು ಕತ್ತರಿಸುವ ಆಪರೇಷನ್ನಿಗೆ ಮಾತ್ರ ಅವಸರ ಬೇಡ. ಅಂಗೈ ಒಣಗಿದರೂ ಬೆನ್ನು, ಹೊಟ್ಟೆ, ತೊಡೆಯಲ್ಲಿ ಬೆವರು ಏರುವುದು ಅದರಲ್ಲಿ ಸಾಮಾನ್ಯ. ಕತ್ತರಿಸಿದ್ದನ್ನು ಮತ್ತೆ ಜೋಡಿಸಲು ಆಗುವುದಿಲ್ಲ.

ಈ ಇಂಜೆಕ್ಷನ್ ಏನು ಮಾಡುತ್ತದೆ?

ಇದರ ಹೆಸರು ಬೊಟುಲಿನಂ ಟಾಕ್ಸಿನ್. ಬೋಟಾಕ್ಸ್ ಅನ್ನುವುದು ಅದರ ಒಂದು ಬ್ರ್ಯಾಂಡ್. ಸಿನಿಮಾದವರು ಮುಖದ ಸುಕ್ಕಿಗೆ ಹಾಕಿಸಿಕೊಳ್ಳುವುದು ಅಂತ ನಮ್ಮಲ್ಲಿ ಹೆಸರಾಗಿದೆ, ಅಲ್ವಾ? ಅದೇ ಔಷಧ. ಮೂಲದಲ್ಲಿ ಇದು ಬ್ಯಾಕ್ಟೀರಿಯಾ ಮಾಡುವ ವಿಷ. 1820ರ ದಶಕದಲ್ಲಿ ಜರ್ಮನಿಯ ಯುಸ್ಟಿನಸ್ ಕರ್ನರ್ ಎಂಬ ವೈದ್ಯ, ಕೆಟ್ಟ ಮಾಂಸದ ಸಾಸೇಜ್ ತಿಂದು ಸತ್ತವರನ್ನು ನೋಡುತ್ತಾ ಹೋದ. ಅವರ ಬಾಯಿ, ಚರ್ಮ ಒಣಗಿರುವುದನ್ನು ಗಮನಿಸಿದ. ಈ ವಿಷವನ್ನು ಅತಿ ಸಣ್ಣ ಪ್ರಮಾಣದಲ್ಲಿ ಔಷಧಿಯಾಗಿ ಬಳಸಬಹುದೇನೋ ಅಂತ ಆಗಲೇ ಬರೆದಿಟ್ಟ. ಕಂಕುಳಿನ ತೀವ್ರ ಬೆವರಿಗೆ ಬೋಟಾಕ್ಸನ್ನು ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಒಪ್ಪಿದ್ದು 2004ರಲ್ಲಿ. ಅದೂ ವಯಸ್ಕರಿಗೆ ಮಾತ್ರ, ಹಚ್ಚುವ ಮದ್ದಿನಿಂದ ಗುಣ ಕಾಣದವರಿಗೆ.

ಬೆವರು ಗ್ರಂಥಿಗೆ "ಬೆವರು" ಅಂತ ಅಪ್ಪಣೆ ಕೊಡುವುದು ನರದ ತುದಿ. ಆ ಅಪ್ಪಣೆ ಹೋಗುವುದು ಅಸಿಟೈಲ್ ಕೋಲೀನ್ ಎಂಬ ರಾಸಾಯನಿಕದ ಮೂಲಕ. ಇಂಜೆಕ್ಷನ್ ಅದನ್ನು ಹೊರಗೆ ಬಿಡದಂತೆ ತಡೆಯುತ್ತದೆ. ಗ್ರಂಥಿ ಸಾಯುವುದಿಲ್ಲ, ಸುಮ್ಮನಿರುತ್ತದೆ. ತಿಂಗಳುಗಳು ಕಳೆದಂತೆ ನರದ ತುದಿ ಚೇತರಿಸಿಕೊಂಡು ಬೆವರು ವಾಪಸ್ ಬರುತ್ತದೆ. ಆದ್ದರಿಂದ ಇದು ಒಮ್ಮೆ ಹಾಕಿಸಿ ಮರೆಯುವ ಚಿಕಿತ್ಸೆ ಅಲ್ಲ. ಮನೆ ಬಾಡಿಗೆಯ ಹಾಗೆ, ಅವಧಿ ಮುಗಿದ ಮೇಲೆ ಮತ್ತೆ ಕೊಡಬೇಕು. ಪ್ರತಿ ವರ್ಷ ಇಷ್ಟು ತೆಗೆದಿಡಲು ಆಗುತ್ತದಾ ಅಂತ ಮೊದಲೇ ಮನೆಯವರ ಜೊತೆ ಕೂತು ಲೆಕ್ಕ ಹಾಕಿ.

ಕಂಕುಳಿಗೆ ಹಾಕಿದರೆ ಮೈಯಲ್ಲಿ ಬಿಸಿ ಉಳಿದುಬಿಡುತ್ತದೆ ಅಂತ ನಮ್ಮ ಅತ್ತೆಗೆ ಭಯ ಇತ್ತು. ಮೈಯಲ್ಲಿ ಇಪ್ಪತ್ತರಿಂದ ನಲವತ್ತು ಲಕ್ಷ ಬೆವರು ಗ್ರಂಥಿಗಳಿವೆ. ಕಂಕುಳಿನವು ಅದರಲ್ಲಿ ಚಿಕ್ಕ ಪಾಲು, ಉಳಿದವು ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ಕೆಲವರಿಗೆ ಬೇರೆ ಕಡೆ ಬೆವರು ಸ್ವಲ್ಪ ಜಾಸ್ತಿ ಅನ್ನಿಸುವುದುಂಟು. ನನಗೆ ಹಾಗೇನೂ ಆಗಲಿಲ್ಲ.

ಯಾರಿಗೆ ಬೇಡ

ಬಸುರಿ, ಬಾಣಂತಿಯರು ಮುಂದೂಡಿ. ಮಯಸ್ತೇನಿಯಾ ಗ್ರೇವಿಸ್‌ನಂಥ ನರ ಮತ್ತು ಸ್ನಾಯುವಿನ ಕಾಯಿಲೆ ಇರುವವರಿಗೆ ಇದು ಅಪಾಯ. ಕಂಕುಳಲ್ಲಿ ಕುರು, ಗಾಯ, ಸೋಂಕು ಇದ್ದರೆ ಅದು ವಾಸಿಯಾಗಲಿ. ಹಿಂದೆ ಇದೇ ಔಷಧಿಗೆ ಅಲರ್ಜಿ ಆಗಿದ್ದರೆ ಬೇಡ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಇತ್ತೀಚೆಗೆ ಜೆಂಟಾಮೈಸಿನ್‌ನಂಥ ಆಂಟಿಬಯೋಟಿಕ್ ಆಗಿದ್ದರೆ ಹೇಳಿ. ನುಂಗಲು, ಉಸಿರಾಡಲು ಮೊದಲೇ ತೊಂದರೆ ಇದ್ದರೂ ಹೇಳಿ. ತಿನ್ನುವ ಎಲ್ಲ ಮಾತ್ರೆಯ ಹಾಳೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋದರೆ ಒಳ್ಳೆಯದು.

ನಾನು ಮೋಸಹೋದದ್ದು, ನೀವು ಕೇಳಬೇಕಾದದ್ದು

ಮೊದಲ ಸಲ ಜಾಹೀರಾತು ನೋಡಿ ದೂರದ ಊರಿನ ಒಂದು ಕಡೆ ಹೋಗಿದ್ದೆ. ರೇಟು ಕಡಿಮೆ ಅಂತ. ಕೂರಿಸಿದರು, ಸಹಿ ಹಾಕಿಸಿಕೊಂಡರು. ಪಕ್ಕದ ಕೋಣೆಯಿಂದ ಮೊದಲೇ ತುಂಬಿಸಿದ ಸಿರಿಂಜ್ ಬಂತು. ಐದಾರು ಕಡೆ ಚುಚ್ಚಿದರು, ಮುಗಿಯಿತು. ಯಾವ ಔಷಧ, ಎಷ್ಟು ಯುನಿಟ್ (ಈ ಔಷಧದ ಅಳತೆ) ಅಂತ ಕೇಳಿದ್ದಕ್ಕೆ "ಒಳ್ಳೇ ಕಂಪನಿದೇ ಅಕ್ಕೋರೇ" ಅಂದರು. ಒಂದು ಕಂಕುಳು ಅರ್ಧ ಒಣಗಿತು, ಇನ್ನೊಂದು ಒಣಗಲೇ ಇಲ್ಲ. ಎರಡು ತಿಂಗಳಿಗೆ ಮೊದಲಿನ ಹಾಗೇ ಆಯಿತು. ಆ ದುಡ್ಡು ಹೋದದ್ದಕ್ಕಿಂತ, ನನಗೆ ಯಾವ ಮದ್ದೂ ತಾಗುವುದಿಲ್ಲ ಅಂತ ಒಂದು ವರ್ಷ ನಂಬಿ ಕೂತದ್ದು ಇವತ್ತಿಗೂ ನೋವು ಕೊಡುತ್ತದೆ.

ಅದಕ್ಕೇ, ಬಸ್ ಹತ್ತುವ ಮುಂಚೆ ಫೋನ್ ಮಾಡಿ ಇಷ್ಟು ಕೇಳಿ. ಚುಚ್ಚುವವರು ಚರ್ಮದ ಡಾಕ್ಟರೇ? ಬೆವರಿಗೆ ಹಾಕಿ ಅಭ್ಯಾಸ ಇದೆಯಾ? ಸುಕ್ಕಿಗೆ ಹಾಕುವುದೇ ಬೇರೆ, ಬೆವರಿಗೆ ಹಾಕುವುದೇ ಬೇರೆ. ಯಾವ ಬ್ರ್ಯಾಂಡ್, ಎಷ್ಟು ಯುನಿಟ್? ಬೋಟಾಕ್ಸ್ ಆದರೆ ಒಂದು ಕಂಕುಳಿಗೆ ಸಾಮಾನ್ಯವಾಗಿ 50 ಯುನಿಟ್, ಎರಡಕ್ಕೂ ಸೇರಿ 100. ಬ್ರ್ಯಾಂಡ್ ಬದಲಾದರೆ ಯುನಿಟ್ಟಿನ ಲೆಕ್ಕವೂ ಬದಲಾಗುತ್ತದೆ. ಬೋಟಾಕ್ಸಿನ 50, ಡಿಸ್ಪೋರ್ಟ್ ಅನ್ನುವ ಇನ್ನೊಂದು ಬ್ರ್ಯಾಂಡಿನ 50 ಒಂದೇ ಅಲ್ಲ. ಹಾಗಾಗಿ ಎರಡು ಕಡೆಯ ರೇಟು ಹೋಲಿಸುವಾಗ ಬರೀ ಒಟ್ಟು ಮೊತ್ತ ಕೇಳಬೇಡಿ. ಬ್ರ್ಯಾಂಡ್, ಯುನಿಟ್, ಡಾಕ್ಟರ ಫೀಸು, ಮರಳಿ ತೋರಿಸಲು ಬಂದಾಗಿನ ಫೀಸು ಬಿಡಿಬಿಡಿಯಾಗಿ ಬರೆದುಕೊಳ್ಳಿ. ಎಲ್ಲೋ ಅರ್ಧ ರೇಟು ಇದ್ದರೆ ಬಹಳ ಸಲ ಅರ್ಧ ಯುನಿಟ್ಟೂ ಇರುತ್ತದೆ.

ಸೀಸೆಯನ್ನು ನನ್ನ ಎದುರೇ ಒಡೆಯುತ್ತೀರಾ ಅಂತಲೂ ಕೇಳಿ. ಇದು ಪುಡಿಯಾಗಿ ಬರುವ ಔಷಧ, ಸಲೈನ್ ಹಾಕಿ ಕರಗಿಸಬೇಕು. ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿಡಬೇಕು. ಬೋಟಾಕ್ಸ್ ಕರಗಿಸಿದ ಮೇಲೆ 24 ಗಂಟೆಯೊಳಗೆ ಬಳಸಬೇಕು ಅಂತ ಕಂಪನಿಯೇ ಹೇಳುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಎಷ್ಟು ಹೊತ್ತು ಹೋಗುತ್ತದೆ ಅಂತ ನಿಮಗೇ ಗೊತ್ತು. ಫ್ರಿಜ್ಜಿಗೆ ಬ್ಯಾಕಪ್ ಇದೆಯಾ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಸೀಸೆಯ ಲೇಬಲ್, ಬ್ಯಾಚ್ ನಂಬರ್, ಮುಗಿಯುವ ತಾರೀಕು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. 2024ರಲ್ಲಿ ಅಮೆರಿಕದಲ್ಲೇ ನಕಲಿ ಬೋಟಾಕ್ಸ್ ಚುಚ್ಚಿಸಿಕೊಂಡು ಕೆಲವರು ಆಸ್ಪತ್ರೆ ಸೇರಿದ್ದರು. ಬ್ಯೂಟಿ ಪಾರ್ಲರ್‌ನಲ್ಲಿ ಮಾತ್ರ ಯಾವ ಕಾರಣಕ್ಕೂ ಬೇಡ.

ವಿಮೆ ಇದ್ದವರು ಇದು ಸೌಂದರ್ಯ ಚಿಕಿತ್ಸೆ ಅಲ್ಲ, ಕಾಯಿಲೆಯ ಚಿಕಿತ್ಸೆ ಅಂತ ಡಾಕ್ಟರ ಪತ್ರ ಇಟ್ಟುಕೊಂಡು ಕಂಪನಿಗೆ ಮುಂಚೆಯೇ ಬರೆದು ಕೇಳಿ.

ಯಾವ ತಿಂಗಳು?

ಫೆಬ್ರವರಿ. ಗುಣ ಕಾಣಲು ಕೆಲವು ದಿನ ಬೇಕು, ಪೂರ್ತಿ ಒಣಗಲು ಸುಮಾರು ಎರಡು ವಾರ. ಆಮೇಲೆ ಹೆಚ್ಚಿನವರಿಗೆ ಆರೇಳು ತಿಂಗಳು ಇರುತ್ತದೆ. ಕೆಲವರಿಗೆ ನಾಲ್ಕೇ ತಿಂಗಳು, ಕೆಲವರಿಗೆ ವರ್ಷದ ಹತ್ತಿರ. ಫೆಬ್ರವರಿಯಲ್ಲಿ ಹಾಕಿಸಿದರೆ ಶಾಲೆಯ ಪರೀಕ್ಷೆ, ಏಪ್ರಿಲ್ ಮೇ ತಿಂಗಳ ಮದುವೆ, ಮಳೆ ಹಿಡಿಯುವ ಮುಂಚಿನ ಆ ಉಸಿರು ಕಟ್ಟುವ ಸೆಕೆ ಎಲ್ಲ ದಾಟುತ್ತದೆ. ಜೋರು ಮಳೆಯಲ್ಲಿ ಘಟ್ಟ ಹತ್ತಿ ಇಳಿಯುವ ರಗಳೆಯೂ ಇಲ್ಲ.

ಆ ದಿನ

ಹಿಂದಿನ ದಿನ ಕಂಕುಳ ಕೂದಲು ತೆಗೆಯಿರಿ. ಅವತ್ತಿನಿಂದ ಡಿಯೋಡರೆಂಟ್, ಲೋಷನ್ ಏನೂ ಬೇಡ. ಸಡಿಲ ತೋಳಿನ, ಕಲೆಯಾದರೂ ಬೇಜಾರಿಲ್ಲದ ಬಟ್ಟೆ ಹಾಕಿ. ಚಹಾ ಕುಡಿದು ಬಿರುಬಿರನೆ ನಡೆದು ಹೋಗಬೇಡಿ. ಅಲ್ಲಿ ಅರ್ಧ ಗಂಟೆ ಸುಮ್ನೆ ಕೂತಿರಿ.

ಎರಡನೇ ಸಲ ನಾನು ಹೋದ ಡಾಕ್ಟರು ಮೊದಲು ಒಂದು ಪರೀಕ್ಷೆ ಮಾಡಿದರು. ಅದನ್ನು ಕಣ್ಣಾರೆ ನೋಡಿದ ಮೇಲೆಯೇ ಮೊದಲ ಸಲ ಏನು ತಪ್ಪಾಗಿತ್ತು ಅಂತ ತಿಳಿದದ್ದು. ಕಂಕುಳಿಗೆ ಅಯೋಡಿನ್ ಬಳಿದರು. ಗಾಯಕ್ಕೆ ಹಚ್ಚುವ ಅದೇ ಕಂದು ಬಣ್ಣ. (ಅಯೋಡಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ.) ಆರಿದ ಮೇಲೆ ಮೇಲಿಂದ ಸ್ಟಾರ್ಚ್ ಪುಡಿ ಉದುರಿಸಿದರು, ರಂಗೋಲಿ ಹಿಟ್ಟಿನ ಹಾಗೆ ತೆಳ್ಳಗೆ. ಕೈ ತಲೆಯ ಹಿಂದೆ ಇಟ್ಟು ಮಲಗಿದ್ದೆ, ನರ್ಸ್ ಕನ್ನಡಿ ಹಿಡಿದಿದ್ದರು. ಮೊದಲು ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳು ಅಲ್ಲೊಂದು ಇಲ್ಲೊಂದು ಎದ್ದವು. ನೋಡುತ್ತಿದ್ದಂತೆ ಅವು ಒಂದಕ್ಕೊಂದು ಸೇರಿ ನೀಲಿಗಪ್ಪು ಮಚ್ಚೆಯಾದವು, ಮಸಿ ಚೆಲ್ಲಿದ ಹಾಗೆ. ಬೆವರು ತಾಗಿದಲ್ಲಿ ಮಾತ್ರ ಬಣ್ಣ ತಿರುಗುತ್ತದೆ. ನನ್ನ ಮಚ್ಚೆ ಕೂದಲಿನ ಜಾಗ ದಾಟಿ ಹಿಂದೆ ಬೆನ್ನಿನ ಕಡೆಗೆ ನಾಲ್ಕು ಬೆರಳು ಹರಡಿತ್ತು. ಹಿಂದಿನವರು ಅಲ್ಲಿ ಚುಚ್ಚಿರಲೇ ಇಲ್ಲ!

"ನಿಮ್ಮ ಬೆವರು ಎಲ್ಲಿದೆ ಅಂತ ನೀವೇ ನೋಡಿ ಅಕ್ಕೋರೇ" ಅಂದರು ಡಾಕ್ಟರು. ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಒಬ್ಬರು ಹಾಗೆ ಸಹಜವಾಗಿ ತೋರಿಸಿದ್ದಕ್ಕೆ ನನಗೆ ಕಣ್ಣು ತುಂಬಿತು.

ಮಚ್ಚೆಯ ಸುತ್ತ ಪೆನ್ನಿನಿಂದ ಗೆರೆ ಎಳೆದು, ಒಳಗೆ ಒಂದರಿಂದ ಎರಡು ಸೆಂಟಿಮೀಟರಿಗೆ ಒಂದರಂತೆ ಚುಕ್ಕೆ ಇಟ್ಟರು. ಒಂದೊಂದು ಕಂಕುಳಿಗೆ ಹತ್ತರಿಂದ ಹದಿನೈದು ಚುಚ್ಚು ಆಗುತ್ತದೆ. ಸೂಜಿ ಚುಚ್ಚುವುದು ಚುಕ್ಕೆಯ ಪಕ್ಕಕ್ಕೆ. ಚುಕ್ಕೆಯ ಮೇಲೇ ಚುಚ್ಚಿದರೆ ಮಸಿ ಒಳಗೆ ಹೋಗಿ ಹಚ್ಚೆಯ ಹಾಗೆ ಉಳಿಯಬಹುದು. ಸೂಜಿ ಬಹಳ ಸಣ್ಣದು, ಚರ್ಮದೊಳಗೆ ಅಷ್ಟೇ ಹೋಗುತ್ತದೆ. ಚುಚ್ಚಿದಲ್ಲಿ ಸೊಳ್ಳೆ ಕಚ್ಚಿದಂಥ ಸಣ್ಣ ಗುಳ್ಳೆ ಎದ್ದು ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ನೋವು ತಾಳುವಂಥದ್ದು. ಹೆದರಿಕೆ ಇದ್ದರೆ ಮರಗಟ್ಟಿಸುವ ಕ್ರೀಮ್ ಕೇಳಿ, ಅದನ್ನು ಮುಕ್ಕಾಲು ಗಂಟೆ, ಒಂದು ಗಂಟೆ ಮುಂಚೆ ಹಚ್ಚಬೇಕು. ಎಲ್ಲ ಮುಗಿದು ಅದೇ ದಿನ ಬಸ್ಸಿನಲ್ಲಿ ಮನೆಗೆ ಬಂದೆ.

ಅಂಗೈಯ ಬೆವರಿನವರಿಗೆ ಬೇರೆ ಮಾತು

ನನ್ನ ತಂಗಿಗೆ ಅಂಗೈ. ಶಿರಸಿ ಹತ್ತಿರ ತೋಟದ ಮನೆಗೆ ಕೊಟ್ಟಿದ್ದೇವೆ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವಾಗ ಕೈ ಜಾರುತ್ತದೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ನಾಲ್ಕು ಸಲ ಸೆರಗಿಗೆ ಕೈ ಒರೆಸಬೇಕು. ನನ್ನದು ಒಣಗಿದ್ದು ನೋಡಿ ಅವಳೂ ಹೊರಟಳು. ನಾನು ತಡೆದೆ.

ಅಂಗೈಗೂ ಇದೇ ಔಷಧ ಹಾಕುತ್ತಾರೆ, ಆದರೆ ಆ ಬಳಕೆಗೆ ಕಂಕುಳಿಗೆ ಸಿಕ್ಕ ಹಾಗೆ ಅಧಿಕೃತ ಒಪ್ಪಿಗೆ ಇಲ್ಲ, ಡಾಕ್ಟರು ತಮ್ಮ ಅನುಭವದ ಮೇಲೆ ಕೊಡುತ್ತಾರೆ. ನೋವು ಜಾಸ್ತಿ. ಮಣಿಕಟ್ಟಿನ ಹತ್ತಿರ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ನೋ ಐಸೋ ಬೇಕಾಗುತ್ತದೆ. ಹಾಗೆ ಮರಗಟ್ಟಿದ ಕೈಯಲ್ಲಿ ಗಾಡಿ ಓಡಿಸುವಂತಿಲ್ಲ, ಜೊತೆಗೆ ಯಾರಾದರೂ ಬರಬೇಕು. ಎಲ್ಲಕ್ಕಿಂತ ಮುಖ್ಯ, ಔಷಧ ಕೈಯ ಸಣ್ಣ ಸ್ನಾಯುಗಳಿಗೂ ಇಳಿದು ಕೆಲವು ವಾರ ಚಿವುಟುವ, ಗುಂಡಿ ಹಾಕುವ, ಬಿಗಿಯಾಗಿ ಹಿಡಿಯುವ ಶಕ್ತಿ ಕಡಿಮೆಯಾಗಬಹುದು. "ಸುಲಿಯೋ ಟೈಮಲ್ಲಿ ಕೈ ಸೋತರೆ ಏನ್ ಮಾಡ್ಲೇ ಅಕ್ಕಾ" ಅಂತ ಅವಳೇ ಕೇಳಿದಳು. ಬಲೆ ಹೆಣೆಯುವವರು, ಹೊಲಿಗೆಯವರು, ತಬಲಾ ಮದ್ದಳೆ ನುಡಿಸುವವರು ಇದನ್ನು ಎರಡೆರಡು ಸಲ ಯೋಚಿಸಿ.

ಅಂಗೈ, ಅಂಗಾಲಿಗೆ ಮೊದಲು ನೋಡಬೇಕಾದದ್ದು ನೀರಿನಲ್ಲಿ ಸಣ್ಣ ಕರೆಂಟ್ ಹಾಯಿಸುವ ಚಿಕಿತ್ಸೆ, ಅಯಾಂಟೊಫೋರೆಸಿಸ್ ಅನ್ನುತ್ತಾರೆ. ಎರಡು ತಟ್ಟೆಯಲ್ಲಿ ನೀರು, ಅದರಲ್ಲಿ ಕೈ. ಒಂದು ಸಲಕ್ಕೆ ಇಪ್ಪತ್ತು, ಮೂವತ್ತು ನಿಮಿಷ. ಶುರುವಿಗೆ ವಾರಕ್ಕೆ ಮೂರು ಸಲ, ಒಣಗಿದ ಮೇಲೆ ವಾರಕ್ಕೆ ಒಂದು ಸಲ ಸಾಕಾಗಬಹುದು. ಮೆಷಿನ್ ಕೊಂಡರೆ ಮನೆಯಲ್ಲೇ ಆಗುತ್ತದೆ. ನಮ್ಮ ಬಾವಿ ನೀರು ಬಹಳ ಮೆದು, ಉಪ್ಪಿನಂಶ ಕಡಿಮೆ, ಹಾಗಾಗಿ ಕರೆಂಟ್ ಸರಿಯಾಗಿ ಹಾಯದೆ ಇರಬಹುದು. ಅಂಥಲ್ಲಿ ಒಂದು ಚಿಟಿಕೆ ಅಡಿಗೆ ಸೋಡಾ ಹಾಕಲು ಡಾಕ್ಟರು ಹೇಳುತ್ತಾರೆ. ಹೃದಯಕ್ಕೆ ಪೇಸ್‌ಮೇಕರ್ ಇದ್ದವರು, ಮೈಯೊಳಗೆ ಲೋಹದ ರಾಡ್ ಇದ್ದವರು, ಬಸುರಿಯರು ಇದನ್ನು ಮಾಡಬಾರದು. ಮನೆಯ ಕರೆಂಟಿಗೆ ವೈರ್ ಜೋಡಿಸಿ ತಾವೇ ಮಾಡಿಕೊಳ್ಳುವ ವಿಡಿಯೋಗಳು ಹರಿದಾಡುತ್ತಿವೆ. ಅದು ಜೀವ ತೆಗೆಯುವ ಕೆಲಸ, ದಯವಿಟ್ಟು ಬೇಡ.

ತಂಗಿ ಮೆಷಿನ್ ತರಿಸಿಕೊಂಡಳು. ಎರಡನೇ ತಿಂಗಳಿಗೆ ಫೋನ್ ಮಾಡಿ, ಮಗನ ಪುಸ್ತಕಕ್ಕೆ ಬೈಂಡ್ ಹಾಕಿದೆ, ಕಾಗದ ಒದ್ದೆಯಾಗಲಿಲ್ಲ ಅಂದಳು.

ಹಾಕಿಸಿದ ಮೇಲೆ

ಅವತ್ತು ಕಂಕುಳು ಉಜ್ಜಬೇಡಿ. ಕುದಿಯುವ ನೀರಿನ ಸ್ನಾನ, ಭಾರ ಎತ್ತುವುದು, ಓಟ ಬೇಡ. ಒಂದೆರಡು ಕಡೆ ನೀಲಿಗಟ್ಟಿದರೆ ತಾನೇ ಹೋಗುತ್ತದೆ. ಒಂದು ದಿನ ಮೈಕೈ ನೋವು, ತಲೆನೋವು ಬರಬಹುದು.

ಇದಕ್ಕೆ ಮಾತ್ರ ಕಾಯಬೇಡಿ: ನುಂಗಲು ಕಷ್ಟ, ಮಾತು ತೊದಲುವುದು, ರೆಪ್ಪೆ ಜೋಲುವುದು, ಎರಡೆರಡು ಕಾಣುವುದು, ಮೈಯೆಲ್ಲ ಬಲ ಹೋದ ಹಾಗೆ ಆಗುವುದು, ಉಸಿರಾಟಕ್ಕೆ ತೊಂದರೆ. ಬಹಳ ಅಪರೂಪ, ಆದರೆ ಬಂದರೆ ತುರ್ತು. ಕೆಲವು ಗಂಟೆಗೂ ಬರಬಹುದು, ಕೆಲವು ವಾರದ ಮೇಲೂ ಬರಬಹುದು. 108ಕ್ಕೆ ಫೋನ್ ಮಾಡಿ, ಬೊಟುಲಿನಂ ಇಂಜೆಕ್ಷನ್ ಆಗಿದೆ ಅಂತ ಹೇಳಿ, ಸೀಸೆಯ ಆ ಫೋಟೋ ತೋರಿಸಿ.

ಎರಡು ವಾರದ ಮೇಲೆ ಒಮ್ಮೆ ತೋರಿಸಿ ಬನ್ನಿ. ಎಲ್ಲಾದರೂ ಒದ್ದೆ ಉಳಿದಿದ್ದರೆ ಮತ್ತೆ ಅಯೋಡಿನ್ ಪರೀಕ್ಷೆ ಮಾಡಿ ಆ ಜಾಗಕ್ಕೆ ಮಾತ್ರ ಸ್ವಲ್ಪ ಹಾಕುತ್ತಾರೆ. ಆಮೇಲೆ ಬೆವರು ಯಾವ ವಾರ ವಾಪಸ್ ಶುರುವಾಯಿತು ಅಂತ ಬರೆದಿಡಿ, ಮುಂದಿನ ಸಲದ ತಾರೀಕು ಅದರ ಮೇಲೆ ನಿಲ್ಲುತ್ತದೆ. ನನ್ನದು ಒಂಬತ್ತನೇ ದಿನ ಒಣಗಿತ್ತು. ಆ ಸೋಮವಾರ ತಿಳಿ ಗುಲಾಬಿ ರವಿಕೆ ಹಾಕಿಕೊಂಡು ಶಾಲೆಗೆ ಹೋದೆ, ಬೋರ್ಡಿನ ತೀರಾ ಮೇಲಿನ ತುದಿಯಲ್ಲಿ ತಾರೀಕು ಬರೆದೆ.